ಎಸಿ-ಹೀಟರ್ ಎರಡೂ ಒಟ್ಟಿಗೆ ಕೈಕೊಟ್ಟಿವೆ, ದುಡ್ಡು ಹೊಂದಿಸುವುದು ಹೇಗೆ?

ತಂಗಾಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಂಪಿಗೂ ಬಿಸಿಗೂ ಒಂದೇ ಯಂತ್ರ. ಹೊರಗೊಂದು ದೊಡ್ಡ ಯೂನಿಟ್, ಒಳಗೊಂದು, ಅಲ್ಲಿಂದ ಡಕ್ಟ್ ಮೂಲಕ ಎಲ್ಲ ಕೋಣೆಗಳಿಗೂ ಗಾಳಿ. ವಯಸ್ಸು 13 ವರ್ಷ. ಮೊನ್ನೆ ಇದ್ದಕ್ಕಿದ್ದಂತೆ ನಿಂತಿತು. ಬಂದ ಮೆಕ್ಯಾನಿಕ್ ಹೊರಗಿನ ಮುಚ್ಚಳ ತೆಗೆದು ಇಣುಕಿ ನೋಡಿ, "ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ಹೋಗಿದೆ, ಇದಕ್ಕೆ ದುಡ್ಡು ಸುರಿಯಬೇಡಿ, ಪೂರ್ತಿ ಹೊಸದು ಹಾಕಿಸಿ" ಅಂದರು. ಅಲ್ಲೇ ಕೊಟೇಶನ್ನೂ ಬಂತು. ಕೆಳಗೆ "ಈ ದರ ನಾಳೆ ಸಂಜೆವರೆಗೆ ಮಾತ್ರ" ಅಂತ ಬೇರೆ.

ಆಪತ್ತಿಗೆ ಅಂತ ಎತ್ತಿಟ್ಟ ದುಡ್ಡು ಇದೆ. ಆದರೆ ಈ ಕೊಟೇಶನ್ ಒಪ್ಪಿಕೊಂಡರೆ ಅದರಲ್ಲಿ ಮುಕ್ಕಾಲು ಪಾಲು ಖಾಲಿ. ಅಂಗಡಿಯವರು "ಬಡ್ಡಿಯಿಲ್ಲದ ಕಂತು ಕೊಡುತ್ತೇವೆ" ಅನ್ನುತ್ತಿದ್ದಾರೆ. ನಮ್ಮವರು ರಿಪೇರಿ ಮಾಡಿಸಿ ಇನ್ನೆರಡು ವರ್ಷ ತಳ್ಳೋಣ ಅನ್ನುತ್ತಾರೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಅವರಿಗೆ ಸೆಖೆ ತಡೆಯೋದಿಲ್ಲ. ನನಗಂತೂ ತಲೆಯೇ ಓಡುತ್ತಿಲ್ಲ. ಯಾವ ದಾರಿ ಹಿಡಿಯಲಿ?

ಮೀಟರ್ ಮಾತು

ಮೇಡಂ, ದುಡ್ಡಿನ ಮಾತು ಆಮೇಲೆ. ಅವರು ಮೀಟರ್ ಹಿಡಿದು ನೋಡಿದರಾ, ಇಲ್ಲ ಬರೀ ಕಣ್ಣಲ್ಲಿ ನೋಡಿ ಹೇಳಿದರಾ? ನಾನು ಇದೇ ಕೆಲಸದಲ್ಲಿರುವವನು. "ಕಂಪ್ರೆಸರ್ ಹೋಗಿದೆ" ಅಂತ ಬಾಯಲ್ಲಿ ಹೇಳೋದು ಬಹಳ ಸುಲಭ.

ನಿಂತ ದಿನ ಏನಾಯಿತು ಹೇಳಿ. ಹೊರಗಿನ ಯೂನಿಟ್ ಗುಂಯ್ ಅನ್ನುತ್ತಿತ್ತಾ? ಫ್ಯಾನ್ ತಿರುಗುತ್ತಿತ್ತಾ? ಬ್ರೇಕರ್ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಬಿತ್ತಾ? ಇನ್ವರ್ಟರ್ ಮಾದರಿಯಾ (ಕಂಪ್ರೆಸರ್ ವೇಗವನ್ನು ಬೇಕಾದಷ್ಟೇ ಏರಿಸಿ ಇಳಿಸುವಂಥದ್ದು), ಹಳೇ ಥರದ್ದಾ?

ತಂಗಾಳಿ

ಮೀಟರ್ ಏನೂ ಇರಲಿಲ್ಲ ಸರ್, ಕೈಯಲ್ಲಿ ಟಾರ್ಚ್ ಇತ್ತು ಅಷ್ಟೇ. ಇನ್ವರ್ಟರ್ ಅಲ್ಲ. ಮೊದಲು ಗುಂಯ್ ಅಂತ ಸದ್ದು ಬರುತ್ತಿತ್ತು. ಆಮೇಲೆ ಬ್ರೇಕರ್ ಬಿತ್ತು. ಮತ್ತೆ ಹಾಕಿದರೆ ಮತ್ತೆ ಬೀಳುತ್ತದೆ.

ಮೀಟರ್ ಮಾತು

ಮೊದಲನೆಯದಾಗಿ, ಆ ಬ್ರೇಕರ್ ಮತ್ತೆ ಮತ್ತೆ ಎತ್ತಬೇಡಿ. ಬೀಳುತ್ತಿದೆ ಅಂದರೆ ಕಾರಣ ಇದೆ. ಹಾಗೇ ಬಿಟ್ಟು ಇನ್ನೊಬ್ಬರನ್ನು ಕರೆಸಿ. ಹೊಸದನ್ನು ಮಾರದೇ ಬರೀ ರಿಪೇರಿ ಮಾಡುವವರಾದರೆ ಇನ್ನೂ ಒಳ್ಳೆಯದು. ಬಂದು ನೋಡಿದ್ದಕ್ಕೆ ಅವರು ತೆಗೆದುಕೊಳ್ಳುವ ಚಾರ್ಜು ಈ ಇಡೀ ವ್ಯವಹಾರದಲ್ಲಿ ನೀವು ಕೊಡುವ ಅತಿ ಸಣ್ಣ ಮೊತ್ತ.

ಅವರು ನೋಡಬೇಕಾದ್ದು ಎರಡು. ಒಂದು, ಕೆಪಾಸಿಟರ್. ಹಳೇ ಥರದ ಯೂನಿಟ್‌ನಲ್ಲಿ ಕಂಪ್ರೆಸರ್‌ಗೂ ಫ್ಯಾನಿಗೂ ನೂಕು ಕೊಡುವ ಡಬ್ಬಿ ಅದು. ಮೈಮೇಲೆ ಮೈಕ್ರೋಫ್ಯಾರಡ್ ಅಂತ ಒಂದು ಸಂಖ್ಯೆ ಇರುತ್ತದೆ. 45 ಅಂತ ಬರೆದಿದ್ದು ಮೀಟರ್‌ನಲ್ಲಿ 30 ತೋರಿಸಿದರೆ ಅದರ ಕಥೆ ಮುಗಿದಿದೆ. ತಲೆ ಉಬ್ಬಿದ್ದರೆ ಮೀಟರ್ ಕೂಡ ಬೇಡ. ಆಗ ಕಂಪ್ರೆಸರ್ ಗುಂಯ್ ಅನ್ನುತ್ತದೆ, ಏಳೋದಿಲ್ಲ, ಕರೆಂಟ್ ಜಾಸ್ತಿ ಎಳೆಯುತ್ತದೆ. ನೀವು ಹೇಳಿದ್ದಕ್ಕೆ ಇದು ಸ್ವಲ್ಪ ಹೊಂದುತ್ತದೆ. ಈ ಡಬ್ಬಿಯ ಬೆಲೆ ಹೊಸ ಯಂತ್ರದ ಮುಂದೆ ಲೆಕ್ಕಕ್ಕೇ ಇಲ್ಲ. ಆದರೆ ನೀವೇ ಕೈ ಹಾಕಬೇಡಿ. ಪವರ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಕೂತಿರುತ್ತದೆ, ಹೊಡೆಯುತ್ತದೆ.

ಎರಡು, ಕಂಪ್ರೆಸರ್‌ನ ಸುರುಳಿ, ಅಂದರೆ ಒಳಗಿನ ಮೋಟಾರಿನ ತಂತಿ ಸುತ್ತು. ವೈರ್ ಬಿಚ್ಚಿ, ಮೂರು ಪಿನ್ನುಗಳ ನಡುವೆ ಓಮ್ (ಕರೆಂಟಿಗೆ ಎಷ್ಟು ತಡೆ ಅಂತ) ಅಳೆಯಬೇಕು. ಆಮೇಲೆ ಒಂದೊಂದು ಪಿನ್ನಿಗೂ ಕಂಪ್ರೆಸರ್ ಮೈಗೂ ನಡುವೆ ಅಳೆಯಬೇಕು. ಮೈಗೆ ಕರೆಂಟಿನ ದಾರಿ ತೋರಿಸಿತು ಅಂದರೆ ಒಳಗೆ ಸುಟ್ಟಿದೆ, ಆಗ ಅವರು ಹೇಳಿದ್ದು ನಿಜ. ಬ್ರೇಕರ್ ಹಾಕಿದ ಕ್ಷಣವೇ ಬೀಳುತ್ತಿದ್ದರೆ ಈ ಅನುಮಾನವೇ ಜಾಸ್ತಿ. ಪಕ್ಕದಲ್ಲಿ ನಿಂತು, "ಎಷ್ಟು ಬಂತು ತೋರಿಸಿ" ಅಂತ ಕೇಳಿ. ಸರಿಯಾದ ಮೆಕ್ಯಾನಿಕ್‌ಗೆ ಇದರಿಂದ ಬೇಜಾರಾಗೋದಿಲ್ಲ.

(ಇನ್ವರ್ಟರ್ ಇರುವವರು ಓದುತ್ತಿದ್ದರೆ: ನಿಮ್ಮ ಕಂಪ್ರೆಸರ್‌ಗೆ ಈ ಡಬ್ಬಿ ಇಲ್ಲ. ನಿಮ್ಮಲ್ಲಿ ಯಂತ್ರ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ (ಪಿಸಿಬಿ) ಹೋಗಿದ್ದನ್ನೇ "ಕಂಪ್ರೆಸರ್ ಹೋಗಿದೆ" ಅಂತ ಹೇಳುವವರು ಇದ್ದಾರೆ.)

ಕೊಂಕುನುಡಿ

13 ವರ್ಷದ ಯಂತ್ರಕ್ಕೆ ಇಷ್ಟೊಂದು ತಪಾಸಣೆನಾ! ಡಬ್ಬಿ ಬದಲಾಯಿಸಿದರೂ ಮುಂದಿನ ವರ್ಷ ಕಾಯಿಲ್ (ಗ್ಯಾಸ್ ಹರಿಯುವ ಸುತ್ತು ಪೈಪು) ಸೋರುತ್ತದೆ, ಅದರ ಮುಂದಿನ ವರ್ಷ ಫ್ಯಾನ್ ಮೋಟಾರ್. ಇಂಥದ್ದೆಲ್ಲ 10ರಿಂದ 15 ವರ್ಷಕ್ಕೆ ಹೋಗುವುದೇ. ಮೂಗಿಗಿಂತ ಮೂಗುತಿ ಭಾರ ಮಾಡಿಕೊಳ್ಳಬೇಡಿ.

ಲೆಕ್ಕದ ಪುಸ್ತಕ

ಕೊಂಕುನುಡಿಯವರ ಮಾತು ಅರ್ಧ ಸರಿ. ಯಾವ ರಿಪೇರಿ ಅನ್ನೋದರ ಮೇಲೆ ಹೋಗುತ್ತದೆ. ರಿಪೇರಿ ಬಿಲ್ಲನ್ನು ಹೊಸದರ ಬೆಲೆಯ ಪಕ್ಕ ಇಟ್ಟು ನೋಡುವುದರಿಂದ ಏನೂ ತಿಳಿಯುವುದಿಲ್ಲ. ಒಂದು ವರ್ಷ ಓಡಿಸೋದಕ್ಕೆ ಎಷ್ಟು ಬಿತ್ತು ಅಂತ ನೋಡಬೇಕು.

ಹೊಸದಕ್ಕೆ ಎಲ್ಲ ಸೇರಿ 100 ಅಂತ ಇಟ್ಟುಕೊಳ್ಳಿ. 15 ವರ್ಷ ಬಂದರೆ ವರ್ಷಕ್ಕೆ 7ರ ಒಳಗೆ. ಹಳೆಯದಕ್ಕೆ ಕಂಪ್ರೆಸರ್ ಹಾಕಿಸಲು 40 ಆಗುತ್ತದೆ, ಯಂತ್ರ ಇನ್ನೆರಡು ವರ್ಷ ಎಳೆಯುತ್ತದೆ ಅಂದರೆ ವರ್ಷಕ್ಕೆ 20. ಮೂರು ಪಟ್ಟು! ಆದರೆ ಕೆಪಾಸಿಟರ್‌ಗೆ 2 ಕೊಟ್ಟು ಒಂದೇ ವರ್ಷ ಓಡಿದರೂ ವರ್ಷಕ್ಕೆ 2. ಅದಕ್ಕಿಂತ ಅಗ್ಗದ ವರ್ಷ ನಿಮಗೆ ಇನ್ನೆಲ್ಲೂ ಸಿಗೋದಿಲ್ಲ. "ರಿಪೇರಿ ಹೊಸದರ ಅರ್ಧ ಬೆಲೆ ದಾಟಿದರೆ ಬಿಡಿ" ಅನ್ನುವ ಸೂತ್ರ ಎಲ್ಲರೂ ಹೇಳುತ್ತಾರೆ. ಹೊಸ ಯಂತ್ರಕ್ಕೆ ಅದು ಪರವಾಗಿಲ್ಲ. 13 ವರ್ಷದ್ದಕ್ಕೆ ಅರ್ಧ ಅಲ್ಲ, ಕಾಲು ಭಾಗ ದಾಟಿದರೂ ನಾನು ಕೈ ಬಿಡುತ್ತೇನೆ.

ಆದ್ದರಿಂದ ಮೀಟರ್ ಮಾತು ಅವರು ಹೇಳಿದ ಎರಡು ಅಳತೆ ಬರುವವರೆಗೆ ನೀವು ಯಾವ ಕಾಗದಕ್ಕೂ ಸಹಿ ಹಾಕಬೇಡಿ. "ನಾಳೆ ಸಂಜೆವರೆಗೆ" ಅಂತ ಹೇಳುವವರು ನಾಡಿದ್ದು ಬೆಳಗ್ಗೆ ಹೋದರೂ ಅದೇ ದರ ಕೊಡುತ್ತಾರೆ.

ಹಿತ್ತಲ ಮನೆ

ಎಲ್ಲರೂ ತಣ್ಣಗೆ ಕೂತು ಲೆಕ್ಕ ಹೇಳುತ್ತಿದ್ದೀರಿ. ಮನೆಯಲ್ಲಿ ವಯಸ್ಸಾದವರು ಇದ್ದಾರೆ ಅಂತ ಅವರು ಮೊದಲೇ ಬರೆದಿದ್ದಾರೆ. ನಮ್ಮ ಅಮ್ಮನಿಗೆ ಹಾರ್ಟಿನ ತೊಂದರೆ ಇದೆ, ಹಾಗಾಗಿ ಹೇಳುತ್ತಿದ್ದೇನೆ. ಸೆಖೆಯಲ್ಲಿ ವಯಸ್ಸಾದವರ ಮೈ ಬೇಗ ಸೋಲುತ್ತದೆ, ಬಾಯಾರಿಕೆ ಕೂಡ ಅವರಿಗೆ ತಿಳಿಯೋದಿಲ್ಲ. ಕೊಟೇಶನ್ ಹೋಲಿಸುತ್ತಾ ಕೂರುವಷ್ಟು ಪುರುಸೊತ್ತು ಎಲ್ಲರಿಗೂ ಇರೋದಿಲ್ಲ ಅಲ್ವಾ?

ಲೆಕ್ಕದ ಪುಸ್ತಕ

ಒಪ್ಪಿದೆ ಅಕ್ಕ. ಅದಕ್ಕೇ ಇಡೀ ಮನೆಯ ಯೋಚನೆ ಬಿಟ್ಟು ಒಂದು ಕೋಣೆಯ ಯೋಚನೆ ಮಾಡಬೇಕು. ಅತ್ತೆ ಮಲಗುವ ಕೋಣೆಗೆ ಒಂದು ಸಣ್ಣ ಕಿಟಕಿ ಎಸಿ, ಬಾಡಿಗೆಗೋ ಸೆಕೆಂಡ್ ಹ್ಯಾಂಡೋ. ಅದಕ್ಕೆ ಕೊಟ್ಟ ದುಡ್ಡು ದಂಡ ಅಂತ ಅನ್ನಿಸಬಹುದು. ಅವಸರದಲ್ಲಿ ಸಹಿ ಹಾಕಿ, ಚೌಕಾಸಿಯನ್ನೇ ಮಾಡದೆ ಕೊಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ. ಎರಡು ವಾರದ ಸಮಯವನ್ನು ನೀವು ಕೊಂಡುಕೊಳ್ಳುತ್ತಿದ್ದೀರಿ. ಮುಂದೆ ದೊಡ್ಡ ಯಂತ್ರ ಕೆಟ್ಟಾಗಲೂ ಅದೇ ಉಪಯೋಗಕ್ಕೆ ಬರುತ್ತದೆ.

ಮೀಟರ್ ಮಾತು

ಸೇರಿಸುತ್ತೇನೆ. ಕಿಟಕಿ ಎಸಿ ಹಾಕೋದಕ್ಕೆ ಜಾಗ ಇಲ್ಲದೆ ಪೋರ್ಟಬಲ್ ತರುವುದಾದರೆ ಒಂದೇ ಕೊಳವೆ ಇರುವುದನ್ನು ತರಬೇಡಿ. ಅದು ಕೋಣೆಯ ಗಾಳಿಯನ್ನೇ ಹೊರಗೆ ತಳ್ಳುತ್ತದೆ. ಆ ಜಾಗ ತುಂಬಲು ಬಾಗಿಲ ಸಂದಿಯಿಂದ ಹೊರಗಿನ ಬಿಸಿ ಗಾಳಿ ಒಳಗೆ ಬರುತ್ತದೆ. ಎರಡು ಕೊಳವೆ ಇರುವುದು ಮೇಲು. ಚಳಿಗಾಲದಲ್ಲಿ ಇದೇ ಕಥೆ ಆದರೆ ರೂಂ ಹೀಟರ್ ಸಾಕು, ಆದರೆ ನೇರವಾಗಿ ಗೋಡೆಯ ಪ್ಲಗ್ಗಿಗೆ. ಎಕ್ಸ್‌ಟೆನ್ಶನ್ ಬೋರ್ಡಿಗೆ 2 ಕಿಲೋವ್ಯಾಟ್ ಹೀಟರ್ ಚುಚ್ಚಿ ಸುಟ್ಟಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಸುಮ್ನೆ ನೋಡ್ತಿದ್ದೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬಡ್ಡಿಯಿಲ್ಲದ ಕಂತು ಅಂದರೆ ನಿಜವಾಗಿ ಬಡ್ಡಿ ಇಲ್ಲ ಅಲ್ವಾ? ಹಾಗಿದ್ದರೆ ಎಲ್ಲರೂ ಅದನ್ನೇ ತಗೋಬಹುದಲ್ಲ, ಕೈಯಲ್ಲಿರುವ ದುಡ್ಡು ಹಾಗೇ ಇರುತ್ತದೆ.

ಲೆಕ್ಕದ ಪುಸ್ತಕ

ಅಂಗಡಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: "ಪೂರ್ತಿ ದುಡ್ಡು ಇವತ್ತೇ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ?" ಅಲ್ಲಿ ಬಡ್ಡಿ ಹೊರಗೆ ಬರುತ್ತದೆ.

ಕಂತಿನ ಬೆಲೆ 100, ನಗದು ಕೊಟ್ಟರೆ 92 ಅಂದರು ಅಂತಿಟ್ಟುಕೊಳ್ಳಿ. 12 ತಿಂಗಳ ಕಂತು. ಮೇಲ್ನೋಟಕ್ಕೆ 8 ಜಾಸ್ತಿ, ಅಂದರೆ 8-9% ಬಡ್ಡಿ ಅನ್ನಿಸುತ್ತದೆ. ಅಲ್ಲ. 92 ಪೂರ್ತಿ ವರ್ಷ ನಿಮ್ಮ ಹತ್ತಿರ ಇರೋದಿಲ್ಲ. ಪ್ರತಿ ತಿಂಗಳೂ 8.33 ವಾಪಸ್ ಹೋಗುತ್ತಿರುತ್ತದೆ. ಆರು ತಿಂಗಳಿಗೆ ಸುಮಾರು ಅರ್ಧ ಸಾಲ ತೀರಿರುತ್ತದೆ. ಹಾಗಾಗಿ ನಿಜವಾದ ಬಡ್ಡಿ ವರ್ಷಕ್ಕೆ 15-16%. ಜೊತೆಗೆ ಪ್ರೊಸೆಸಿಂಗ್ ಫೀ ಇದ್ದರೆ ಇನ್ನೂ ಮೇಲೆ. ಬ್ಯಾಂಕಿನ ಸಾಧಾರಣ ಸಾಲ ಇದಕ್ಕಿಂತ ಅಗ್ಗವಾಗಿ ಸಿಗಬಹುದು, ವಿಚಾರಿಸಿ.

ನಗದಿಗೂ ಅದೇ 100 ಅಂದರೆ? ಆಗ ಕಣ್ಣು ಮುಚ್ಚಿ ಕಂತು ತಗೊಳ್ಳಿ, ನಾನೂ ತಗೊಳ್ಳುತ್ತೇನೆ. ಒಂದು ಕಂತು ತಪ್ಪಿದರೆ ಹಿಂದಿನದಕ್ಕೆಲ್ಲ ಸೇರಿಸಿ ಬಡ್ಡಿ ಹಾಕುವ ಷರತ್ತು ಇದೆಯಾ ಅಂತ ಮಾತ್ರ ಓದಿಕೊಳ್ಳಿ.

ಹಿತ್ತಲ ಮನೆ

ನನ್ನ ಅಭಿಪ್ರಾಯ ಬೇರೆ. ಆಪತ್ತಿನ ದುಡ್ಡು ಇಟ್ಟಿರೋದೇ ಆಪತ್ತಿಗೆ. ಇದು ಆಪತ್ತಲ್ಲದೆ ಇನ್ನೇನು? ಸಾಲ ಮಾಡಿ, ದುಡ್ಡನ್ನು ಸುಮ್ನೆ ಬ್ಯಾಂಕಿನಲ್ಲಿ ನೋಡಿಕೊಂಡು ಕೂರೋದರಲ್ಲಿ ಏನು ಲಾಭ?

ಲೆಕ್ಕದ ಪುಸ್ತಕ

ಲಾಭ ಇಲ್ಲ, ನಿದ್ದೆ ಬರುತ್ತದೆ ಅಷ್ಟೇ. ಮುಕ್ಕಾಲು ಪಾಲು ಒಂದೇ ಏಟಿಗೆ ಹೋದ ಮೇಲೆ ಮುಂದಿನ ತಿಂಗಳು ಆಸ್ಪತ್ರೆ ಖರ್ಚು ಬಂದರೆ? ಆಗ ಸಿಗುವ ಸಾಲ ಕ್ರೆಡಿಟ್ ಕಾರ್ಡಿನದ್ದು, ಅದು ಮೂಳೆ ಮುರಿಯುವ ಬಡ್ಡಿ. ತಂಗಾಳಿಯವರ ಜಾಗದಲ್ಲಿ ನಾನಿದ್ದರೆ ಎರಡು-ಮೂರು ತಿಂಗಳ ಮನೆ ಖರ್ಚು ಬದಿಗಿಟ್ಟು, ಉಳಿದಿದ್ದನ್ನು ಯಂತ್ರಕ್ಕೆ ಹಾಕಿ, ಕಡಿಮೆ ಬಿದ್ದಿದ್ದಕ್ಕೆ ಮಾತ್ರ ಸಾಲ ಮಾಡುತ್ತೇನೆ. ಬೇಗ ತೀರಿಸಿದರೆ ದಂಡ ಇಲ್ಲದ ಸಾಲ ಆಗಿರಬೇಕು.

ಚಳಿಮನೆ

ನಮ್ಮದು ಗ್ಯಾಸ್ ಫರ್ನೇಸ್, ಗ್ಯಾಸ್ ಉರಿಸಿ ಮನೆ ಬಿಸಿ ಮಾಡುವಂಥದ್ದು. ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ, ಬದಲಾಯಿಸಿ ಅಂತ ಸರ್ವೀಸಿನವರು ಹೇಳಿದರು. ಚಳಿಗಾಲ ಮುಗಿಯಲಿ, ಸೀಸನ್ ಇಲ್ಲದಾಗ ಅಗ್ಗವಾಗಿ ಹಾಕಿಸೋಣ ಅಂತ ಇದ್ದೇವೆ. ಎರಡು ವಾರದ ಸಮಯ ಕೊಂಡುಕೊಳ್ಳಿ ಅಂದಿರಲ್ಲ, ಅದೇ ಲೆಕ್ಕ.

ಮೀಟರ್ ಮಾತು

ಬೇಡ ಸರ್. ಇದಕ್ಕೆ ಆ ಲೆಕ್ಕ ನಡೆಯೋದಿಲ್ಲ. ಉರಿಯ ಹೊಗೆ ಒಂದು ಕಡೆ, ಮನೆಯೊಳಗಿನ ಗಾಳಿ ಇನ್ನೊಂದು ಕಡೆ, ಮಧ್ಯೆ ಇರುವ ತಗಡೇ ಹೀಟ್ ಎಕ್ಸ್‌ಚೇಂಜರ್. ಅದು ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳೋದಿಲ್ಲ.

ಬಿರುಕು ಇರುವುದು ನಿಜವಾ ಅಂತ ಕ್ಯಾಮೆರಾ ಹಾಕಿ ತೋರಿಸಲು ಕೇಳಿ. ಇದನ್ನೇ ಹೇಳಿ ಹೆದರಿಸಿ ಮಾರುವವರೂ ಇದ್ದಾರೆ. ನಿಜ ಅಂತಾದರೆ ಇವತ್ತೇ ಫರ್ನೇಸ್ ಆಫ್ ಮಾಡಿ, ಎಲೆಕ್ಟ್ರಿಕ್ ಹೀಟರ್ ಮೇಲೆ ನಡೆಸಿ. ಮಲಗುವ ಕೋಣೆಗಳ ಹತ್ತಿರ ಸಿಒ (ಕಾರ್ಬನ್ ಮಾನಾಕ್ಸೈಡ್) ಅಲಾರಂ ಹಾಕಿ. ಫರ್ನೇಸ್ ಸರಿ ಇದ್ದರೂ ಹಾಕಿ.

ಚಳಿಮನೆ

ಆಫ್ ಮಾಡಿದೆವು. ಥ್ಯಾಂಕ್ಸ್.

ತಂಗಾಳಿ

ಅತ್ತೆಯ ಕೋಣೆಗೆ ಪರಿಚಯದವರ ಹಳೇ ಕಿಟಕಿ ಎಸಿ ಬಂತು, ಸದ್ದು ಜಾಸ್ತಿ, ಆದರೆ ತಂಪು ಮಾಡುತ್ತದೆ. ಇವತ್ತು ಇನ್ನೊಬ್ಬ ಮೆಕ್ಯಾನಿಕ್ ಬಂದಿದ್ದರು. ಕೆಪಾಸಿಟರ್ ಸರಿ ಇದೆ, 45ಕ್ಕೆ 44 ತೋರಿಸಿತು. ಕಂಪ್ರೆಸರ್ ಪಿನ್ನಿಂದ ಮೈಗೆ ಇಟ್ಟಾಗ ಮೀಟರ್ ಕೀಂಯ್ ಅಂತ ಕೂಗಿತು. ಒಳಗೆ ಸುಟ್ಟಿದೆ, ಅನುಮಾನವೇ ಇಲ್ಲ ಅಂದರು. ಒಟ್ಟಿನಲ್ಲಿ ಮೊದಲಿನವರು ಹೇಳಿದ್ದೇ ನಿಜ ಆಯಿತು. ರಿಪೇರಿಗೆ ಅವರು ಹೇಳಿದ್ದು ಹೊಸದರ ಅರ್ಧಕ್ಕೆ ಹತ್ತಿರ. ಇನ್ನು ಹೊಸದೇ. ತಂಪು ಮಾಡುವ ಗ್ಯಾಸ್ ಆರ್-410ಎ ಅಂತ ಬರೆದಿದೆ, ಈಗ ಅದು ಸಿಗೋದು ಕಷ್ಟ ಅಂದರು, ಹೌದಾ?

ಮೀಟರ್ ಮಾತು

ಕೀಂಯ್ ಅಂದಿತು ಅಂದ ಮೇಲೆ ಮುಗಿಯಿತು. ಈಗ ಧೈರ್ಯವಾಗಿ ಖರ್ಚು ಮಾಡಿ.

ಗ್ಯಾಸ್ ವಿಷಯ. ಓಝೋನ್ ಪದರ ತಿನ್ನುತ್ತದೆ ಅಂತ ಮೊದಲಿದ್ದ ಆರ್-22 ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಹಂತಹಂತವಾಗಿ ನಿಲ್ಲಿಸುತ್ತಾ ಬಂದರು. ಅದರ ಜಾಗಕ್ಕೆ ಬಂದಿದ್ದು ಆರ್-410ಎ. ಇದು ಓಝೋನಿಗೆ ಏನೂ ಮಾಡೋದಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ 2,088 ಪಟ್ಟು. ಹಾಗಾಗಿ 2016ರಲ್ಲಿ ಕಿಗಾಲಿಯಲ್ಲಿ ಮಾಡಿಕೊಂಡ ತಿದ್ದುಪಡಿಯಲ್ಲಿ ಈ ಜಾತಿಯ ಗ್ಯಾಸುಗಳನ್ನೂ ಇಳಿಸುತ್ತಾ ಹೋಗಬೇಕು ಅಂತಾಯಿತು. ಹೊಸ ಯಂತ್ರಗಳಲ್ಲಿ ಈಗ ಹೆಚ್ಚಾಗಿ ಕಾಣೋದು ಆರ್-32, ಅದರದ್ದು 675 ಪಟ್ಟು. ಸ್ವಲ್ಪ ಹೊತ್ತಿಕೊಳ್ಳುವ ಗುಣ ಇದೆ, ಅದಕ್ಕೆ ತಕ್ಕ ತರಬೇತಿ ಇರುವವರೇ ಹಾಕಬೇಕು. ನಿಮ್ಮ ಜೇಬಿಗೆ ಇದರಿಂದ ಆಗುವುದು ಇಷ್ಟು: ಇಳಿಯುತ್ತಿರುವ ಗ್ಯಾಸಿನ ಯಂತ್ರ ಕೊಂಡರೆ ಎಂಟು-ಹತ್ತು ವರ್ಷದ ಮೇಲೆ ಸೋರಿದಾಗ ತುಂಬಿಸಲು ದುಬಾರಿ ಬೀಳುತ್ತದೆ.

ಇನ್ನೊಂದು ಮಾತು. "ವರ್ಷವರ್ಷ ಗ್ಯಾಸ್ ತುಂಬಿಸಬೇಕು" ಅಂತ ಯಾರಾದರೂ ಹೇಳಿದರೆ ಅವರನ್ನು ಮತ್ತೆ ಕರೆಯಬೇಡಿ. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ, ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ.

ಕೊಂಕುನುಡಿ

ಹೊಸದು ಅಂತಾದ ಮೇಲೆ ಒಂದು ಸೈಜ್ ದೊಡ್ಡದೇ ಹಾಕಿಸಿ. ಸೆಖೆ ವರ್ಷವರ್ಷ ಜಾಸ್ತಿ ಆಗುತ್ತಿದೆ. ದೊಡ್ಡದಿದ್ದರೆ ಬೇಗ ತಂಪಾಗುತ್ತದೆ, ಬೇಗ ನಿಲ್ಲುತ್ತದೆ, ಕರೆಂಟೂ ಉಳಿಯುತ್ತದೆ.

ಮೀಟರ್ ಮಾತು

ಬೇಗ ನಿಲ್ಲುವುದೇ ತೊಂದರೆ ಸ್ವಾಮಿ. ಎಸಿ ಎರಡು ಕೆಲಸ ಮಾಡುತ್ತದೆ, ಗಾಳಿಯ ಬಿಸಿ ತೆಗೆಯುವುದು, ತೇವ ತೆಗೆಯುವುದು. ತಣ್ಣನೆಯ ಕಾಯಿಲ್ ಮೇಲೆ ನೀರು ಕಟ್ಟಿ ಹರಿದು ಹೋಗೋದಕ್ಕೆ ಹೊತ್ತು ಬೇಕು. ದೊಡ್ಡ ಯಂತ್ರ ಐದು ನಿಮಿಷ ಓಡಿ ನಿಂತರೆ ಕೋಣೆ ತಣ್ಣಗೆ, ಆದರೆ ಜಿಗಿಜಿಗಿ. ಹಾಸಿಗೆಯೆಲ್ಲ ಒದ್ದೆ ಒದ್ದೆ ಅನ್ನಿಸುತ್ತದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಯಂತ್ರ ಮಾಡಿಕೊಟ್ಟಿದ್ದೇ ತೇವ ಹಿಡಿತಕ್ಕೆ ತರೋದಕ್ಕೆ. ಕಾಗದ ಹಿಗ್ಗಿ ಬಣ್ಣ ಕೂರುತ್ತಿರಲಿಲ್ಲವಂತೆ. ಜೊತೆಗೆ ಪದೇ ಪದೇ ಆನ್-ಆಫ್ ಆದರೆ ಕಂಪ್ರೆಸರ್ ಆಯಸ್ಸೂ ಕಮ್ಮಿ.

ಟನ್ ಅಂದರೆ ಯಂತ್ರದ ತೂಕ ಅಲ್ಲ. ಒಂದು ಟನ್ (ಅಮೆರಿಕದ ಟನ್, ಸುಮಾರು 907 ಕಿಲೋ) ಮಂಜುಗಡ್ಡೆಯನ್ನು 24 ಗಂಟೆಯಲ್ಲಿ ಕರಗಿಸಲು ಎಷ್ಟು ಬಿಸಿ ಬೇಕೋ ಅಷ್ಟು. ಗಂಟೆಗೆ 12,000 ಬಿಟಿಯು (ಬಿಸಿ ಅಳೆಯುವ ಮಾನ), ಸುಮಾರು 3.5 ಕಿಲೋವ್ಯಾಟ್. ನಿಮ್ಮ ಮನೆಗೆ ಎಷ್ಟು ಬೇಕು ಅಂತ ಹೇಳಬೇಕಾದರೆ ಕಿಟಕಿ ಎಷ್ಟು, ಬಿಸಿಲು ಯಾವ ಕಡೆ, ಚಾವಣಿಗೆ ಇನ್ಸುಲೇಶನ್ ಇದೆಯಾ, ಜನ ಎಷ್ಟು ಅಂತ ನೋಡಿ ಲೆಕ್ಕ ಹಾಕಬೇಕು. "ಹಳೆಯದು 3 ಟನ್, ಹೊಸದೂ 3 ಟನ್" ಅಂತ ಬಾಗಿಲಲ್ಲೇ ನಿಂತು ಬರೆದುಕೊಡುವವರ ಕೊಟೇಶನ್ ಬದಿಗಿಡಿ.

ಡಕ್ಟ್ ಇದೆಯಲ್ಲ, ಅದನ್ನೂ ನೋಡಿಸಿ. ಕೀಲುಗಳಲ್ಲಿ 20ರಿಂದ 30% ಗಾಳಿ ಸೋರುವ ಡಕ್ಟ್‌ಗಳು ಮಾಮೂಲು. ಮೊದಲು ಅದನ್ನು ಮುಚ್ಚಿಸಿದರೆ ಸಣ್ಣ ಯಂತ್ರವೇ ಸಾಕಾಗಬಹುದು. ಮ್ಯಾಸ್ಟಿಕ್ (ಸಂದಿ ಮುಚ್ಚುವ ಅಂಟು ಲೇಪ) ಬಳಿಸಿ, ಡಕ್ಟ್ ಟೇಪ್ ಅಂತ ಸಿಗುವ ಬಟ್ಟೆ ಟೇಪು ಡಕ್ಟ್‌ಗೆ ಮಾತ್ರ ಆಗೋದಿಲ್ಲ!

ಸುಮ್ನೆ ನೋಡ್ತಿದ್ದೆ

ಸ್ಟಾರ್ ಜಾಸ್ತಿ ಇರುವುದನ್ನು ಕೊಂಡರೆ ಬಿಲ್ಲಿನಲ್ಲೇ ದುಡ್ಡು ವಾಪಸ್ ಬರುತ್ತದೆ ಅಂತ ಸೇಲ್ಸ್‌ನವರು ಹೇಳುತ್ತಾರಲ್ಲ, ನಂಬಬಹುದಾ?

ಲೆಕ್ಕದ ಪುಸ್ತಕ

ನಂಬಬೇಡಿ, ಗುಣಿಸಿ ನೋಡಿ. 3 ಟನ್ ಅಂದರೆ ಸುಮಾರು 10.5 ಕಿಲೋವ್ಯಾಟ್ ತಂಪು. ಒಂದು ಯೂನಿಟ್ ಕರೆಂಟಿಗೆ 3 ಯೂನಿಟ್ ತಂಪು ಕೊಡುವ ಯಂತ್ರ 3.5 ಕಿಲೋವ್ಯಾಟ್ ಎಳೆಯುತ್ತದೆ. 4 ಕೊಡುವುದು 2.6 ಎಳೆಯುತ್ತದೆ. ವ್ಯತ್ಯಾಸ 0.9. ವರ್ಷದಲ್ಲಿ ಪೂರ್ತಿ ಬಲದಲ್ಲಿ ಓಡುವುದು 800 ಗಂಟೆ ಅಂದುಕೊಂಡರೆ ಉಳಿಯೋದು 700 ಯೂನಿಟ್ ಚಿಲ್ಲರೆ. ಅದನ್ನು ನಿಮ್ಮ ಬಿಲ್ಲಿನ ಯೂನಿಟ್ ದರದಿಂದ ಗುಣಿಸಿ. ಎರಡು ಮಾದರಿಗಳ ಬೆಲೆಯ ವ್ಯತ್ಯಾಸವನ್ನು ಅದರಿಂದ ಭಾಗಿಸಿ. ಐದಾರು ವರ್ಷದೊಳಗೆ ವಾಪಸ್ ಬಂದರೆ ಕೊಳ್ಳಿ. 12 ವರ್ಷ ಅಂದರೆ ಬಿಡಿ, ಅಷ್ಟು ಹೊತ್ತಿಗೆ ಯಂತ್ರವೇ ಮುದಿಯಾಗಿರುತ್ತದೆ. ವರ್ಷಕ್ಕೆ ಎರಡೇ ತಿಂಗಳು ಎಸಿ ಹಾಕುವವರಿಗೆ ದುಬಾರಿ ಮಾದರಿ ಸುಮ್ನೆ ಶೋಕಿ.

ಬಿಸಿಗೂ ಅದೇ ಯಂತ್ರ ಬಳಸುವವರಿಗೆ ಲೆಕ್ಕ ಬದಲಾಗುತ್ತದೆ. ಕಾಯಿಲ್ ಹೀಟರ್ 1 ಯೂನಿಟ್ ಕರೆಂಟಿಗೆ 1 ಯೂನಿಟ್ ಬಿಸಿ ಕೊಡುತ್ತದೆ. ಹೀಟ್ ಪಂಪ್ (ತಂಪಿಗೂ ಬಿಸಿಗೂ ಆಗುವ ಎಸಿ) ಹೊರಗಿನ ಬಿಸಿಯನ್ನೇ ಒಳಗೆ ತರುವುದರಿಂದ ಸಾಧಾರಣ ಚಳಿಯಲ್ಲಿ 3ರ ಆಸುಪಾಸು. ಚಳಿ ಜಾಸ್ತಿ ಆದಷ್ಟೂ ಅದು ಇಳಿಯುತ್ತದೆ.

ತಂಗಾಳಿ

ಮೂರು ಕಡೆ ಕೊಟೇಶನ್ ಕೇಳಿದೆ. ಒಂದಕ್ಕೊಂದು ಸಂಬಂಧವೇ ಇಲ್ಲ! ಒಬ್ಬರದ್ದು ಒಂದೇ ಸಾಲು, "ಸಿಸ್ಟಂ ಬದಲಾವಣೆ, ಇಷ್ಟು" ಅಂತ. ಇನ್ನೊಬ್ಬರದ್ದು ಎರಡು ಪುಟ. ಹೇಗೆ ಹೋಲಿಸೋದು?

ಮೀಟರ್ ಮಾತು

ಒಂದು ಸಾಲಿನವರಿಗೆ ವಾಪಸ್ ಕಳಿಸಿ ಬಿಡಿಸಿ ಬರೆದುಕೊಡಿ ಅನ್ನಿ. ಒಳಗೂ ಹೊರಗೂ ಎರಡೂ ಯೂನಿಟ್ ಸೇರಿದೆಯಾ? ಪೈಪ್ ಹೊಸದಾ? ಬ್ರೇಕರ್, ವೈರಿಂಗ್ ಬದಲಾಯಿಸಬೇಕಾದರೆ ಯಾರ ತಲೆ ಮೇಲೆ? ಥರ್ಮೋಸ್ಟಾಟ್, ನೀರು ಹೋಗುವ ಪೈಪ್, ಹೊರಗಿನ ಸ್ಟ್ಯಾಂಡ್, ಹಳೆಯದನ್ನು ಕಿತ್ತು ಸಾಗಿಸುವುದು, ಹಳೇ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳುವುದು. ಅಗ್ಗದ ಕೊಟೇಶನ್ ಅಗ್ಗ ಆಗಿರೋದು ಇವುಗಳಲ್ಲಿ ಅರ್ಧ ಬಿಟ್ಟಿರೋದರಿಂದ. ಕೆಲಸ ಮುಗಿಯುವ ಹೊತ್ತಿಗೆ ಒಂದೊಂದೇ "ಇದು ಬೇರೆ ಆಗುತ್ತೆ" ಅಂತ ಬರುತ್ತದೆ. ಅದಕ್ಕೆ ಅಂತ ಒಪ್ಪಿದ ಮೊತ್ತದ ಮೇಲೆ 10% ಎತ್ತಿಡಿ.

ನೀವು ಕೇಳಲೇಬೇಕಾದ ಒಂದು ಪ್ರಶ್ನೆ: "ವ್ಯಾಕ್ಯೂಮ್ ಎಷ್ಟಕ್ಕೆ ಇಳಿಸುತ್ತೀರಿ?" ಪೈಪ್ ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ ಸೋರಿಕೆ ನೋಡಬೇಕು. ಆಮೇಲೆ ಪಂಪ್ ಹಚ್ಚಿ ಒಳಗೆ ಉಳಿದ ಗಾಳಿಯ ಒತ್ತಡವನ್ನು 500 ಮೈಕ್ರಾನ್‌ಗಿಂತ ಕೆಳಗೆ ಎಳೆಯಬೇಕು, ಅಲ್ಲೇ ನಿಲ್ಲುತ್ತದಾ ನೋಡಬೇಕು. ಆಗಲೇ ಒಳಗಿನ ತೇವ ಹೋಗುವುದು. ಅವಸರದವರು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ತಳ್ಳಿ "ಆಯಿತು" ಅನ್ನುತ್ತಾರೆ. ಒಳಗುಳಿದ ತೇವ ಎಣ್ಣೆ ಜೊತೆ ಸೇರಿ ಆಸಿಡ್ ಆಗುತ್ತದೆ, ಕಂಪ್ರೆಸರ್ ಸುರುಳಿ ತಿನ್ನುತ್ತದೆ. ಅದು ಗೊತ್ತಾಗುವ ಹೊತ್ತಿಗೆ ಕೆಲಸದ ಗ್ಯಾರಂಟಿ ಮುಗಿದಿರುತ್ತದೆ.

ಹಿತ್ತಲ ಮನೆ

ವಾರಂಟಿ ಅಂದಾಗ ನೆನಪಾಯಿತು. ನಮ್ಮದರಲ್ಲಿ "ಕಂಪ್ರೆಸರ್‌ಗೆ 10 ವರ್ಷ" ಅಂತ ದೊಡ್ಡ ಅಕ್ಷರದಲ್ಲಿತ್ತು. ಹೋದಾಗ ಕಂಪ್ರೆಸರ್ ಪುಕ್ಕಟೆ ಬಂತು, ಅದನ್ನು ಹಾಕುವ ಕೂಲಿ, ಗ್ಯಾಸ್, ಸಾಗಣೆ ಎಲ್ಲ ನಮ್ಮದೇ. ಕೆಲವು ಕಂಪನಿಗಳಲ್ಲಿ ಹಾಕಿಸಿದ ಕೂಡಲೇ ನೋಂದಣಿ ಮಾಡದಿದ್ದರೆ ವರ್ಷಗಳೇ ಕಡಿಮೆ ಆಗುತ್ತವೆ. ಬಿಲ್ಲಿನ ಫೋಟೋ, ಸೀರಿಯಲ್ ನಂಬರಿನ ಫೋಟೋ ಅವತ್ತೇ ತೆಗೆದಿಡಿ.

ಕೊಂಕುನುಡಿ

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಆಗಬಾರದು ಅಂದರೆ, ಈಗ ಓದುತ್ತಿರುವ ನಮ್ಮಂಥವರು ಏನು ಮಾಡಬೇಕು ಅದನ್ನು ಹೇಳಿ. ನಮ್ಮದಕ್ಕೆ 8 ವರ್ಷ.

ಲೆಕ್ಕದ ಪುಸ್ತಕ

14 ವರ್ಷ ಬರುತ್ತದೆ ಅಂದುಕೊಳ್ಳೋಣ. ಉಳಿದಿದ್ದು 6 ವರ್ಷ, 72 ತಿಂಗಳು. ಇವತ್ತಿನ ಬೆಲೆ 100, ವರ್ಷಕ್ಕೆ 5% ಏರಿದರೆ ಆರು ವರ್ಷಕ್ಕೆ 134. ತಿಂಗಳಿಗೆ 1.9ರಷ್ಟು ಎತ್ತಿಟ್ಟರೆ ಬಡ್ಡಿ ಲೆಕ್ಕ ಹಿಡಿಯದೆಯೇ ಮುಟ್ಟುತ್ತದೆ. ಕರೆಂಟ್ ಬಿಲ್ಲಿನ ಜೊತೆ ಅದೇ ದಿನ ತಾನಾಗಿ ಕಟ್ಟಾಗುವ ಹಾಗೆ ಬೇರೆ ಖಾತೆಗೆ ಹಾಕಿ. ಬೇರೆ ಖಾತೆ ಮುಖ್ಯ, ಒಂದೇ ಕಡೆ ಇದ್ದರೆ ಪ್ರವಾಸಕ್ಕೆ ಹೋಗುತ್ತದೆ. ಯಂತ್ರಕ್ಕೆ ವಯಸ್ಸಾಗಿದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆದ್ದರಿಂದ ಇದು ಆಪತ್ತೇ ಅಲ್ಲ, ದಿನಾಂಕ ಬರೆಯದ ಬಿಲ್ಲು.

12 ವರ್ಷ ದಾಟಿದ ಮೇಲೆ ಕೆಡಲಿ ಅಂತ ಕಾಯಬೇಡಿ. ಸೆಖೆಯೂ ಚಳಿಯೂ ಇಲ್ಲದ ತಿಂಗಳಲ್ಲಿ, ಅಂಗಡಿಯವರು ಕೆಲಸ ಇಲ್ಲದೆ ಕೂತಿರುವಾಗ ಕೊಟೇಶನ್ ತರಿಸಿಡಿ.

ಮೀಟರ್ ಮಾತು

ಫಿಲ್ಟರ್ ತೊಳೆಯಿರಿ ಅಂತ ನಾನು ಹೇಳಲೇಬೇಕು, ಹೇಳಿದೆ. ಗಾಳಿ ಕಮ್ಮಿಯಾಗಿ ಕಾಯಿಲ್ ಮಂಜು ಕಟ್ಟಿ ಸತ್ತ ಕಂಪ್ರೆಸರ್‌ಗಳು ಲೆಕ್ಕವಿಲ್ಲ.

ತಂಗಾಳಿ

ಎರಡು ಪುಟದವರನ್ನೇ ಒಪ್ಪಿದ್ದೇವೆ. ಡಕ್ಟ್ ಕೀಲು ಮುಚ್ಚಿದ ಮೇಲೆ 2.5 ಟನ್ ಸಾಕು ಅಂತ ಲೆಕ್ಕ ಹಾಕಿ ತೋರಿಸಿದರು. ನಗದು ದರ ಕೇಳಿದ ಕೂಡಲೇ ಬೇರೆ ಬೆಲೆ ಬಂತು, ಲೆಕ್ಕದ ಪುಸ್ತಕ ಹೇಳಿದ ಹಾಗೇ. ಮೂರು ತಿಂಗಳ ಖರ್ಚು ಉಳಿಸಿಕೊಂಡು, ಕಡಿಮೆ ಬಿದ್ದಿದ್ದಕ್ಕೆ ಬ್ಯಾಂಕ್ ಸಾಲ. ಕೊನೆಯ ಪ್ರಶ್ನೆ: ಗೋಡೆಯೊಳಗಿನ ಹಳೇ ತಾಮ್ರದ ಪೈಪೇ ಬಳಸಿದರೆ ಸ್ವಲ್ಪ ಉಳಿಯುತ್ತದೆ ಅನ್ನುತ್ತಾರೆ. ಮಾಡಬಹುದಾ?

ಮೀಟರ್ ಮಾತು

ನಿಮ್ಮ ಕಂಪ್ರೆಸರ್ ಸುಟ್ಟು ಸತ್ತಿದೆ. ಸುಟ್ಟ ಎಣ್ಣೆ, ಆಸಿಡ್ ಎಲ್ಲ ಆ ಪೈಪಿನಲ್ಲಿದೆ. ಬೇರೆ ಕಾರಣಕ್ಕೆ ಹೋಗಿದ್ದರೆ ಬಳಸಿ ಅಂತ ಹೇಳುತ್ತಿದ್ದೆ. ಗೋಡೆ ಒಡೆಯದೆ ಹೊಸ ಪೈಪ್ ಹೊರಗಿಂದ ತರೋದಕ್ಕೆ ಆದರೆ ಹಾಗೇ ಮಾಡಿಸಿ. ಆಗೋದೇ ಇಲ್ಲ ಅಂದರೆ ಪೂರ್ತಿ ಫ್ಲಶ್ ಮಾಡಿಸಿ, ಆಸಿಡ್ ಟೆಸ್ಟ್ ಮಾಡಿಸಿ, ತೇವ ಹೀರುವ ಹೊಸ ಡ್ರೈಯರ್ ಫಿಲ್ಟರ್ ಹಾಕಿಸಿ. ಪೈಪಿನ ಅಳತೆ ಹೊಸ ಯೂನಿಟ್ ಕೈಪಿಡಿಗೆ ಹೊಂದಬೇಕು.

ಕೊಂಕುನುಡಿ

ಹೊಸ ಪೈಪ್ ಹಾಕಿಸಿದರೆ ಹಳೇ ತಾಮ್ರ ಯಾರಿಗೆ ಅಂತ ಮೊದಲೇ ಬರೆಸಿಕೊಳ್ಳಿ. ಗುಜರಿಯಲ್ಲಿ ತಾಮ್ರಕ್ಕೆ ಒಳ್ಳೇ ಬೆಲೆ ಇದೆ.

ತಂಗಾಳಿ

ಹೊರಗಿಂದಲೇ ತರುತ್ತಾರಂತೆ, ಹೊಸ ಪೈಪ್ ಅಂತ ಸೇರಿಸಿ ಬರೆಸಿದೆ. ಹಳೇ ತಾಮ್ರ, ಹಳೇ ಯೂನಿಟ್ ಎರಡರದ್ದೂ ಬೆಲೆ ಬಿಲ್ಲಿನಲ್ಲಿ ಕಳೆದುಕೊಟ್ಟರು. ನಾನು ಕೇಳೋವರೆಗೆ ಅದರ ಸುದ್ದಿಯೇ ಎತ್ತಿರಲಿಲ್ಲ.